ಅಂಕಲ್ ಹೆಸರು ಅಳಿಸಿದೆ, ಸೆಲ್ವಿ ಮಾತ್ರೆ ಬಿಟ್ಟಳು

ನನಗೆ ಕಾಯಿಲೆ ಬಂದ ವರ್ಷ ನಮ್ಮ ಮನೆಯ ಮುದ್ದೆಯಲ್ಲಿ ಗಂಟು ಬೀಳತೊಡಗಿದವು. ಮೊದಲು ಕಂಡುಹಿಡಿದವರು ನಮ್ಮತ್ತೆ. ಮುದ್ದೆ ಮುರಿದು, ಒಳಗಿದ್ದ ಒಣ ಹಿಟ್ಟನ್ನು ಬೆರಳ ತುದಿಯಲ್ಲಿ ಎತ್ತಿ ತಟ್ಟೆಯ ಅಂಚಿಗೆ ಹಚ್ಚಿ, "ಕಾನ್ವೆಂಟಿನಾಗೆ ಇದೊಂದು ಕಲ್ಸಲಿಲ್ಲ ನೋಡು" ಅಂದರು.

ಚಿತ್ರದುರ್ಗದ ಕಾನ್ವೆಂಟಿನಲ್ಲಿ ಓದಿ ಹೊಳಲ್ಕೆರೆಯ ಈ ಮನೆಗೆ ಸೊಸೆಯಾಗಿ ಬಂದು ಹದಿನಾಲ್ಕು ವರ್ಷ ಆಗಿತ್ತು. ಹದಿನಾಲ್ಕು ವರ್ಷವೂ ಮುದ್ದೆ ತೊಳಸಿದ್ದೆ, ಒಂದು ಗಂಟು ಬಿದ್ದಿರಲಿಲ್ಲ. ಈಗ ಕೋಲು ಹಿಡಿದು ಒತ್ತಿ ತಿರುಗಿಸಲು ಹೋದರೆ ಬೆರಳ ಬುಡದಿಂದ ಮೊಣಕೈವರೆಗೆ ಯಾರೋ ತಂತಿ ಎಳೆದ ಹಾಗೆ. ಒದ್ದೆ ಬಟ್ಟೆ ಹಿಂಡಲಾಗದು. ಬ್ಲೌಸಿನ ಹುಕ್ಕು ಹಾಕಿಕೊಳ್ಳಲು ಕಾಲು ಗಂಟೆ. ಬಳೆಗಳು ಮೊದಲು ಬಿಗಿಯಾದವು, ಆಮೇಲೆ ಹೊರಗೇ ಬರಲಿಲ್ಲ. ಬಳೆ ಅಂಗಡಿಯವರು ಸೋಪು ಹಚ್ಚಿದರು, ಎಣ್ಣೆ ಹಚ್ಚಿದರು, ಕೊನೆಗೆ ಒಡೆದೇ ತೆಗೆದರು. ನನ್ನ ಬರಿಗೈ ನೋಡಿ ಅಂಗಡಿಯಲ್ಲಿದ್ದ ಹೆಂಗಸರು ಮುಖ ಬೇರೆ ಕಡೆ ತಿರುಗಿಸಿಕೊಂಡರು. ಕೈ ಊದಿದ್ದನ್ನು ಒಬ್ಬರೂ ನೋಡಲಿಲ್ಲ, ಬಳೆ ಇಲ್ಲದ್ದನ್ನು ಎಲ್ಲರೂ ನೋಡಿದರು.

ಕೀಲುವಾತದ ದೊಡ್ಡ ಡಾಕ್ಟರು ವಾರಕ್ಕೊಂದು ದಿನ ದಾವಣಗೆರೆಗೆ ಬರುತ್ತಾರೆಂದು ಯಾರೋ ಹೇಳಿ, ನಮ್ಮ ಯಜಮಾನರು ಕರೆದುಕೊಂಡು ಹೋದರು. ಅಲ್ಲಿನ ಬೆಂಚಿನ ಮೇಲೆ ಕೂತ ಹೆಂಗಸರೆಲ್ಲರ ಕೈ ಸೆರಗಿನೊಳಗೆ. ಮಾಘ ಮಾಸದ ಚಳಿ ಅಂದುಕೊಂಡೆ. ಪಕ್ಕದವರು ಚೀಟಿ ತೆಗೆಯಲು ಕೈ ಹೊರಹಾಕಿದಾಗ ಗೊತ್ತಾಯಿತು. ಬೆರಳುಗಳೆಲ್ಲ ಕಿರುಬೆರಳ ಕಡೆಗೆ ವಾಲಿದ್ದವು, ಗಾಳಿಗೆ ಬಗ್ಗಿದ ಜೋಳದ ದಂಟಿನ ಹಾಗೆ. ನಾನು ನೋಡಿದ್ದನ್ನು ಅವರೂ ನೋಡಿದರು.

"ಎಷ್ಟು ದಿನ ಆತು ನಿಮಗೆ?"

"ಏಳು ತಿಂಗಳು."

"ನನಗೆ ಹನ್ನೊಂದು ವರ್ಷ. ಹತ್ತು ವರ್ಷ ಎಣ್ಣೆ ತಿಕ್ಕಿಕೊಂಡೇ ಕುಂತಿದ್ದೆ. ನೀವು ಬೇಗ ಬಂದೀರಿ ಬಿಡ್ರಿ, ಉಳೀತವೆ ನಿಮ್ಮ ಕೈ."

ಒಳಗೆ ಡಾಕ್ಟರು ಹೇಳಿದ್ದಕ್ಕಿಂತ ಹೆಚ್ಚು ಧೈರ್ಯ ಬಂದದ್ದು ಆ ಮಾತಿನಿಂದ. ಒಳಗೆ ಏನಾಯಿತೆಂದರೆ, ಡಾಕ್ಟರು ನನ್ನ ಕಡೆ ತಿರುಗಿ, "ಬೆಳಿಗ್ಗೆ ಎದ್ದ ಮೇಲೆ ಎಷ್ಟು ಹೊತ್ತು ಬಿಗಿ ಇರುತ್ತಮ್ಮಾ?" ಎಂದು ಕೇಳಿದರು. ನಾನು ಬಾಯಿ ತೆಗೆಯುವುದರೊಳಗೆ ಯಜಮಾನರು, "ಸ್ವಲ್ಪ ಹೊತ್ತು ಡಾಕ್ಟ್ರೇ. ಆಮೇಲೆ ಓಡಾಡ್ಕಂಡು ಇರ್ತಾಳೆ" ಅಂದರು. ಡಾಕ್ಟರು ಬರೆದುಕೊಂಡರು. ಆ ಸ್ವಲ್ಪ ಹೊತ್ತು ಎರಡು ಗಂಟೆ. ಅವರು ಸುಳ್ಳು ಹೇಳಲಿಲ್ಲ. ಆ ಎರಡು ಗಂಟೆಯಲ್ಲಿ ಅವರು ಗಡ್ಡ ಕೆರೆದು, ಪೇಪರ್ ಓದಿ, ಸ್ನಾನ ಮಾಡುತ್ತಿದ್ದರು. ನಾನು ಅಡುಗೆಮನೆಯಲ್ಲಿ ಹಾಲಿನ ಪ್ಯಾಕೆಟ್ಟನ್ನು ಹಲ್ಲಲ್ಲಿ ಕತ್ತರಿಸುತ್ತಿದ್ದೆ.

ವಾರಕ್ಕೊಂದೇ ದಿನ ನುಂಗುವ ಹಳದಿ ಮಾತ್ರೆ ಕೊಟ್ಟರು. ಭಾನುವಾರ ನನ್ನ ಮಾತ್ರೆಯ ದಿನ. ಔಷಧಿ ಅಂಗಡಿಯವರು ಚೀಟಿ ನೋಡಿ, "ಇದನ್ನ ಕ್ಯಾನ್ಸರಿಗೂ ಕೊಡ್ತಾರೆ ಕಣ್ರಿ" ಅಂದದ್ದು ನಮಗಿಂತ ಮೊದಲು ಮನೆ ಸೇರಿತ್ತು. ಅವತ್ತಿನಿಂದ ಮನೆಯಲ್ಲಿ ಅದರ ಹೆಸರು ಕ್ಯಾನ್ಸರ್ ಗುಳಿಗೆ. ಸೋಮವಾರ ವಾಕರಿಕೆ, ಬಾಚಣಿಗೆ ತುಂಬ ಕೂದಲು. ಅತ್ತೆ ಬಾಗಿಲಲ್ಲಿ ನಿಂತು, "ಬೆರಳು ನೋಯ್ತಾವೆ ಅಂತ ಹೊಟ್ಟೆ ಹಾಳು ಮಾಡ್ಕಂತಾರೇನೇ? ನಮ್ಮ ಕಾಲದಾಗೆ ಇಂಥವು ನೂರು ನೋವು ಇದ್ವು" ಅನ್ನುವರು. ಭಾನುವಾರ ಬಂದರೆ ಮಾತ್ರೆಯ ಡಬ್ಬಿ ಹಿಡಿದು ನಿಲ್ಲುತ್ತಿದ್ದೆ. ನುಂಗಲೋ ಬಿಡಲೋ. ಪ್ರತಿ ವಾರ ಹೊಸದಾಗಿ ತೀರ್ಮಾನ ಮಾಡಬೇಕಿತ್ತು.

ನಮ್ಮ ಬೀದಿಯ ಕೊನೆಯಲ್ಲಿ ಶಮೀಮಕ್ಕನ ಟೈಪಿಂಗ್ ಇನ್‌ಸ್ಟಿಟ್ಯೂಟ್ ಇತ್ತು. ಹೊಸ ಶತಮಾನ ಶುರುವಾಗಿ ಮೂರ್ನಾಲ್ಕು ವರ್ಷ, ಟೈಪ್ ಕಲಿಯುವವರು ಕಡಿಮೆಯಾಗಿದ್ದರು. ಶಮೀಮಕ್ಕ ಎಂಟು ಟೈಪ್‌ರೈಟರುಗಳನ್ನು ಗೋಡೆಗೆ ಸರಿಸಿ, ಮಧ್ಯದಲ್ಲಿ ಎರಡು ಕಂಪ್ಯೂಟರ್ ಇಟ್ಟು, ಫೋನಿನ ತಂತಿ ಎಳೆಸಿ ಇಂಟರ್‌ನೆಟ್ ಹಾಕಿಸಿದ್ದರು. ಐವತ್ತು ದಾಟಿದವರು, ಮೂಗಿನ ತುದಿಯಲ್ಲಿ ಕನ್ನಡಕ, ತಲೆ ಮೇಲಿನ ಸೆರಗು ಜಾರದ ಹಾಗೆ ಒಂದು ಪಿನ್ನು. ಒಂದು ದಿನ ದಾರಿಯಲ್ಲಿ ನನ್ನ ಕೈ ಹಿಡಿದು ನೋಡಿ, "ಬೆರಳು ಆಡಿಸ್ದಿದ್ರೆ ತುಕ್ಕು ಹಿಡೀತವೆ. ಬರ್ರಿ, ಕೀ ಬೋರ್ಡ್ ಮೆತ್ತಗೈತೆ, ಆಡ್ಸಿರಂತೆ" ಎಂದು ಒಳಗೆ ಕರೆದರು.

ಹಾಗೆ ಸಿಕ್ಕಿದ್ದು ಆ ಫೋರಂ. ನಮ್ಮ ದೇಶದ ಬೇರೆ ಬೇರೆ ಊರುಗಳಲ್ಲಿ ಇದೇ ಕಾಯಿಲೆ ಇರುವವರು ಇಂಗ್ಲಿಷಿನಲ್ಲಿ ಬರೆದುಕೊಳ್ಳುವ ಜಾಗ. ಒಬ್ಬರು ಒಂದು ಮಾತು ಬರೆದರೆ ಕೆಳಗೆ ಒಬ್ಬೊಬ್ಬರಾಗಿ ಉತ್ತರ ಬರೆಯುವುದು. ಕಾನ್ವೆಂಟಿನ ಇಂಗ್ಲಿಷು ಹದಿನಾಲ್ಕು ವರ್ಷದ ನಂತರ ಮೊದಲ ಸಲ ಉಪಯೋಗಕ್ಕೆ ಬಂತು. ಪುಣೆಯ ಹೆಂಗಸೊಬ್ಬಳು, ಮಗುವಿನ ಚಡ್ಡಿಯ ಗುಂಡಿ ಹಾಕಲಾಗದೆ ಮಗುವಿನ ಜೊತೆ ತಾನೂ ಅತ್ತದ್ದನ್ನು ಬರೆದಿದ್ದಳು. ಓದಿ ನನಗೆ ಅಳು ಬರಲಿಲ್ಲ, ಕುರ್ಚಿಯಲ್ಲಿ ನೆಟ್ಟಗೆ ಕೂತೆ. ಹಾಲಿನ ಪ್ಯಾಕೆಟ್ಟನ್ನು ಹಲ್ಲಲ್ಲಿ ಕತ್ತರಿಸುವವಳು ನಾನೊಬ್ಬಳೇ ಅಲ್ಲ.

ಅಲ್ಲಿ ನನಗೆ ಹೆಚ್ಚು ಹತ್ತಿರವಾದವಳು ಸೆಲ್ವಿ. ಸೇಲಂ ಕಡೆಯ ಹಳ್ಳಿಯೊಂದರಲ್ಲಿ ಸ್ಕೂಲ್ ಟೀಚರ್, ನನಗಿಂತ ಹತ್ತು ವರ್ಷ ಚಿಕ್ಕವಳು. ನನ್ನನ್ನು ಅಕ್ಕ ಎಂದೇ ಬರೆಯುತ್ತಿದ್ದಳು. ಅವಳಿಗೂ ಅದೇ ಹಳದಿ ಮಾತ್ರೆ, ಅವಳದ್ದೂ ಭಾನುವಾರ. "ನುಂಗಿದೆ ಅಕ್ಕ, ನೀವು?" ಎಂದು ಅವಳು, "ನುಂಗಿದೆ" ಎಂದು ನಾನು. ಡಬ್ಬಿ ಹಿಡಿದು ನಿಲ್ಲುವುದು ನಿಂತಿತು.

ಮೊದಮೊದಲು ನನ್ನ ಉತ್ತರಗಳು ದಾರಿ ತಪ್ಪುತ್ತಿದ್ದವು. ಸೆಲ್ವಿಯ ಮಾತಿಗೆ "ಹೌದು, ನನಗೂ ಹಾಗೇ" ಎಂದು ಬರೆದರೆ, ಅಷ್ಟರಲ್ಲಿ ಮಧ್ಯದಲ್ಲಿ ಇನ್ನಾರೋ ಬರೆದು, ನನ್ನ ಹೌದು ಅವರ ಮಾತಿನ ಕೆಳಗೆ ಹೋಗಿ ಕೂರುತ್ತಿತ್ತು. ಒಬ್ಬರು ಗಂಡನಿಗೆ ಡೈವೋರ್ಸ್ ಕೊಡುತ್ತೇನೆಂದು ಬರೆದಿದ್ದಕ್ಕೆ ನಾನು "ಹೌದು, ನನಗೂ ಹಾಗೇ" ಅಂದ ಹಾಗಾಗಿ, ಮೂರು ಜನ ನನಗೆ ಸಮಾಧಾನ ಹೇಳಿದರು. ಶಮೀಮಕ್ಕ ನಕ್ಕು ನಕ್ಕು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

"ಯಾರ ಮಾತಿಗೆ ಹೇಳ್ತೀರೋ ಅದನ್ನ ಕೋಟ್ ಮಾಡ್ರಿ, ನೋಡ್ರಿ ಇಲ್ಲೈತೆ" ಎಂದು ತೋರಿಸಿದರು. ಪ್ರತಿಯೊಬ್ಬರ ಮಾತಿನ ಕೆಳಗೂ ಒಂದು ಬಟನ್. ಒತ್ತಿದರೆ ನಾವು ಬರೆಯುವ ಜಾಗಕ್ಕೆ ಅವರ ಮಾತು ಬಂದು ಕೂರುತ್ತದೆ. ಮೇಲಿನ ಸಾಲಿನಲ್ಲಿ ಅವರ ಹೆಸರು, ಇಂಥವರು ಬರೆದದ್ದು ಅಂತ. ಅದರ ಕೆಳಗೆ ನಾವು ಬರೆದು ಕಳಿಸಿದರೆ ಅವರ ಮಾತು ಬೂದು ಬಣ್ಣದ ಚೌಕದೊಳಗೆ ಬೇರೆಯಾಗಿ, ನಮ್ಮ ಮಾತು ಕೆಳಗೆ ಬೇರೆಯಾಗಿ ಕಾಣುತ್ತದೆ. ಸೆಲ್ವಿಯದು, ಪುಣೆಯವಳದು, ಹೀಗೆ ನಾಲ್ಕಾರು ಸಲ ಮಾಡಿದೆ. ಕಲಿತೆ ಅಂದುಕೊಂಡೆ.

ಆ ಫೋರಂನಲ್ಲಿ ದತ್ತಾತ್ರೇಯ ಎಂಬ ನಿವೃತ್ತ ಅಧಿಕಾರಿಯೊಬ್ಬರಿದ್ದರು. ಎಲ್ಲರಿಗೂ ಅಂಕಲ್. ಎಲ್ಲದರ ಬಗ್ಗೆಯೂ ಬರೆಯುವರು, ಎಲ್ಲರೂ ಕೊನೆಯಲ್ಲಿ ಥ್ಯಾಂಕ್ಯೂ ಅಂಕಲ್ ಅನ್ನುವರು. ಒಂದು ದಿನ ಅವರು ಬರೆದಿದ್ದರು, ಕನ್ನಡದಲ್ಲಿ ಹೇಳುವುದಾದರೆ ಹೀಗೆ: "ಆರು ತಿಂಗಳ ಹಿಂದೆ ನಾನು ಹಳದಿ ಮಾತ್ರೆ ಬಿಟ್ಟೆ. ಅದು ವಿಷ. ಈಗ ಕೈ ಹಗುರವಾಗಿದೆ. ಲಿವರ್ ಮೇಲೆ ಆಸೆ ಇರುವವರು ಇವತ್ತೇ ಎಸೆಯಿರಿ."

ನನಗೆ ಕೋಪ ಬಂತು. ಅವತ್ತು ಸೋಮವಾರ, ವಾಕರಿಕೆ ಹೊಟ್ಟೆಯಲ್ಲೇ ಇತ್ತು, ಆದರೂ ಆ ಮಾತ್ರೆ ಶುರುವಾಗಿ ನಾಲ್ಕು ತಿಂಗಳಿಗೆ ನನ್ನ ಮುಷ್ಟಿ ಅರ್ಧ ಮಡಚುತ್ತಿತ್ತು. ಇದಕ್ಕೆ ಉತ್ತರ ಕೊಡಲೇಬೇಕು. ಕೋಟ್ ಬಟನ್ ಒತ್ತಿದೆ. ಅವರ ಮಾತು ಬಂತು, ಮೇಲೆ ಅವರ ಹೆಸರೂ ಬಂತು.

ಅಲ್ಲಿ ನನ್ನ ಕೈ ನಿಂತಿತು. ಅಪ್ಪನ ವಯಸ್ಸಿನವರು. ಅವರ ಹೆಸರು ಹಿಡಿದು, ಇಡೀ ದೇಶದ ಎದುರು, "ದತ್ತಾತ್ರೇಯ ಹೀಗಂದಿದ್ದಾರೆ, ನಾನು ಹೀಗಂತೀನಿ" ಅನ್ನುವುದೇ? ನಮ್ಮಲ್ಲಿ ಹಿರಿಯರ ಹೆಸರು ಸೊಸೆಯ ಬಾಯಿಗೆ ಬರುವಂತಿಲ್ಲ. ನನ್ನ ಗಂಡನ ಹೆಸರನ್ನೇ ಮದುವೆಯಲ್ಲಿ ಒಡಪಿನ ಪದ್ಯ ಕಟ್ಟಿ ಒಂದು ಸಲ ಹೇಳಿಸಿದ್ದರು, ಅಷ್ಟೇ. ನಮ್ಮ ಜಿಲ್ಲೆಯಲ್ಲಿ ಬಸ್ಸೊಳಗೆ ತಿಪ್ಪೇಸ್ವಾಮಿ ಅಂತ ಕೂಗಿದರೆ ನಾಲ್ಕು ಜನ ತಿರುಗಿ ನೋಡುತ್ತಾರೆ. ಆ ನಾಲ್ವರಲ್ಲಿ ಒಬ್ಬರ ಹೆಂಡತಿ ಮಾತ್ರ ಕೂಗುವಂತಿಲ್ಲ. ರೇಷನ್ ಕಾರ್ಡಿನವರು ಯಜಮಾನರ ಹೆಸರು ಕೇಳಿದರೆ ಪಕ್ಕದವರ ಮುಖ ನೋಡುತ್ತಿದ್ದೆ, ಅವರು ಹೇಳುತ್ತಿದ್ದರು.

ಹಾಗಾಗಿ ಅಂಕಲ್ ಹೆಸರಿದ್ದ ಸಾಲನ್ನು ಅಳಿಸಿದೆ. ಮಾತಿನ ಕೊನೆಯಲ್ಲಿ ಏನೋ ಗುರುತು ಉಳಿದಿತ್ತು, ಕಸದ ಹಾಗೆ ಕಂಡಿತು, ಅದನ್ನೂ ಅಳಿಸಿದೆ. ಕೆಳಗೆ ನನ್ನ ಉತ್ತರ ಬರೆದೆ. ಅದೂ ಎಂಥ ಉತ್ತರ! ಕೋಪವನ್ನೆಲ್ಲ ನುಂಗಿ, ಕಾನ್ವೆಂಟಿನ ಮರ್ಯಾದೆ ಮೈಮೇಲೆ ಹೊದ್ದು, "ಅನುಭವಸ್ಥರ ಮಾತಿಗೆ ನಮಸ್ಕರಿಸುತ್ತೇನೆ. ಆದರೂ ಒಬ್ಬೊಬ್ಬರೂ ತಮ್ಮ ಡಾಕ್ಟರನ್ನು ಒಂದು ಮಾತು ಕೇಳಿದರೆ ಒಳ್ಳೆಯದೇನೋ" ಎಂದು ಬರೆದೆ. ಕಳಿಸಿದೆ. ಫೋನಿನ ತಂತಿಯ ಇಂಟರ್‌ನೆಟ್ಟು, ಪುಟ ತೆರೆಯಲು ಐದು ನಿಮಿಷ. ನನಗೆ ಹೊಸದುರ್ಗದ ಬಸ್ಸು ಹಿಡಿಯುವುದಿತ್ತು. ಹೇಗೆ ಕಾಣುತ್ತದೆಂದು ನೋಡದೆ ಎದ್ದು ಹೋದೆ.

ಹೊಸದುರ್ಗದಲ್ಲಿ ಅತ್ತೆಗೆ ಕಣ್ಣಿನ ಪೊರೆ ತೆಗೆಸುವುದಿತ್ತು. ಆಮೇಲೆ ಒಂದೂವರೆ ತಿಂಗಳು ಮಾಡದಕೆರೆಯಲ್ಲಿ ನಮ್ಮ ಭಾವನವರ ಮನೆಯಲ್ಲಿ ಉಳಿದೆವು. ದಿನಕ್ಕೆ ನಾಲ್ಕು ಸಲ ಅತ್ತೆಯ ಕಣ್ಣಿಗೆ ಹನಿ ಬಿಡುವುದು ನನ್ನ ಕೆಲಸ. ಆ ಪುಟ್ಟ ಬಾಟಲಿ ಒತ್ತಲು ನನ್ನ ಹೆಬ್ಬೆರಳಿಗೆ ಶಕ್ತಿ ಸಾಲದು. ಎರಡೂ ಕೈಯ ಮಧ್ಯೆ ಇಟ್ಟು, ಕೈ ಮುಗಿದ ಹಾಗೆ ಒತ್ತುತ್ತಿದ್ದೆ. ಮೂರನೇ ವಾರ ಪಟ್ಟಿ ಪೂರ್ತಿ ಬಿಚ್ಚಿದ ಮೇಲೆ, ಅತ್ತೆ ಮನೆ ಮುಂದಿನ ಹಟ್ಟಿಯ ಬಿಸಿಲಲ್ಲಿ ಕೂತು ನನ್ನ ಕೈಯನ್ನೇ ನೋಡಿದರು.

"ಇದ್ಯಾವಾಗ ಹಿಂಗಾತೇ?"

"ವರ್ಷ ಆಗ್ತಾ ಬಂತು, ಅತ್ತೆ."

"ನನಗೆ ಹೇಳ್ಬಾರ್ದಾ?"

"ಹೇಳಿದ್ದೆ."

ಅವರು ನನ್ನ ಕೈ ಎಳೆದು ತೊಡೆಯ ಮೇಲಿಟ್ಟುಕೊಂಡರು. ನನ್ನ ಬೆರಳುಗಳನ್ನು ಒಂದೊಂದಾಗಿ, ಹಸಿ ಅವರೆಕಾಯಿ ಆರಿಸುವ ಹಾಗೆ ಮುಟ್ಟಿ ನೋಡಿದರು. ಮುಂದಿನ ಭಾನುವಾರ ಬೆಳಿಗ್ಗೆ, "ಗುಳಿಗೆ ತಗಂಡ್ಯೇನೇ?" ಅಂದರು. ಕ್ಯಾನ್ಸರ್ ಅನ್ನುವ ಪದ ಆ ದಿನದಿಂದ ಬಿಟ್ಟುಹೋಯಿತು.

ಹೊಳಲ್ಕೆರೆಗೆ ವಾಪಸು ಬಂದ ಮಾರನೇ ದಿನವೇ ಶಮೀಮಕ್ಕನಲ್ಲಿಗೆ ಹೋದೆ. ಸೆಲ್ವಿಯ ಪತ್ರ ಒಂದು ವಾರದಿಂದ ಕಾದಿತ್ತು.

"ಅಕ್ಕ, ನೀವು ಮಾತ್ರೆ ಬಿಟ್ಟಿರೆಂದು ಓದಿದೆ. ಬೇರೆ ಯಾರು ಹೇಳಿದ್ದರೂ ನಂಬುತ್ತಿರಲಿಲ್ಲ. ನೀವು ಯಾವುದನ್ನೂ ಹೆಚ್ಚು ಮಾಡಿ ಹೇಳುವವರಲ್ಲ. ಅದಕ್ಕೆ ನಾನೂ ಬಿಟ್ಟೆ. ಐದು ವಾರ ಆಯಿತು. ಮೊದಲು ಚೆನ್ನಾಗಿತ್ತು. ಇವತ್ತು ಕ್ಲಾಸಿನಲ್ಲಿ ಸೀಮೆಸುಣ್ಣ ಹಿಡಿಯಲಾಗಲಿಲ್ಲ. ಬಲಗೈ ಪೂರ್ತಿ ಊದಿದೆ. ನಿಮಗೆ ಹಗುರವಾಗಲು ಎಷ್ಟು ದಿನ ಹಿಡಿಯಿತು?"

ನಾನು ಎರಡು ಸಲ ಓದಿದೆ. "ನಾನ್ಯಾವಾಗ ಹಾಗಂದೆ?" ಎಂದದ್ದು ಜೋರಾಗಿಯೇ ಬಂದಿರಬೇಕು, ಶಮೀಮಕ್ಕ ಎದ್ದು ಬಂದರು. ಇಬ್ಬರೂ ನನ್ನ ಹಳೆಯ ಉತ್ತರ ತೆರೆದು ನೋಡಿದೆವು. ಬೂದು ಚೌಕ ಇರಲಿಲ್ಲ, ಅಂಕಲ್ ಬರೆದದ್ದು ಹಿಂದಿನ ಪುಟದಲ್ಲೆಲ್ಲೋ ಉಳಿದಿತ್ತು. ಮೇಲೆ ನನ್ನ ಹೆಸರು, ಸುಮಿತ್ರ, ಚಿತ್ರದುರ್ಗ ಜಿಲ್ಲೆ. ಕೆಳಗೆ, ಆರು ತಿಂಗಳ ಹಿಂದೆ ನಾನು ಹಳದಿ ಮಾತ್ರೆ ಬಿಟ್ಟೆ, ಅದು ವಿಷ, ಇವತ್ತೇ ಎಸೆಯಿರಿ. ಅದರ ಬೆನ್ನಿಗೇ ಅನುಭವಸ್ಥರಿಗೆ ನಮಸ್ಕಾರ. ಎಲ್ಲ ನನ್ನದೇ ಮಾತು. ಭಾನುವಾರ ಭಾನುವಾರ ನುಂಗಿದೆ ಎಂದು ಬರೆದವಳು ಆರು ತಿಂಗಳ ಹಿಂದೆಯೇ ಬಿಟ್ಟೆ ಅಂದರೆ ಹೇಗೆ ಎಂದು ಸೆಲ್ವಿ ಯೋಚಿಸಲಿಲ್ಲವೇ? ಆಮೇಲೆ ಕೇಳಿದಾಗ ಅವಳು ಬರೆದಳು: "ನುಂಗಿದೆ ಅಂತ ನನ್ನ ಸಮಾಧಾನಕ್ಕೆ ಸುಳ್ಳು ಹೇಳುತ್ತಿದ್ದಿರಿ ಅಂದುಕೊಂಡೆ."

"ಹೆಸರು ಎಲ್ಲಿ ಹೋತು?" ಶಮೀಮಕ್ಕ ಕೇಳಿದರು.

"ಅಳಿಸಿದೆ."

"ಯಾಕ್ರೀ?"

"ದೊಡ್ಡವರಲ್ವಾ ಅಕ್ಕ. ಹೆಸರು ಹಿಡಿದು ಹೆಂಗೆ..."

ಶಮೀಮಕ್ಕ ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. "ಯಾ ಅಲ್ಲಾ! ಮೂವತ್ತು ವರ್ಷ ಕೋರ್ಟಿನ ಕಾಗದ ಟೈಪ್ ಮಾಡೀನಿ. ಯಾರು ಹೇಳಿದ್ದು ಅಂತ ಹೆಸರು ಬಿಟ್ರೆ ಜಡ್ಜ್ ಸಾಹೇಬ್ರು ಕಾಗದ ಮುಖಕ್ಕೆ ಎಸೀತಾರೆ. ನೀವು ಅವರ ಮರ್ಯಾದೆ ಉಳಿಸ್ದ್ರಿ, ಅವರು ಹೇಳಿದ್ದೆಲ್ಲ ನಿಮ್ಮ ತಲೆ ಮ್ಯಾಲೆ ಬಂದು ಕುಂತ್ಕಂಡೈತೆ. ಆ ಹುಡುಗಿ ಕೈ ಹೋತು."

ಅವರು ಕೊನೆಯ ಮಾತು ಅನ್ನಬಾರದಿತ್ತು. ಅಂದದ್ದು ಒಳ್ಳೆಯದೇ ಆಯಿತು. ಅದು ಕೂತು ಅಳುವ ಹೊತ್ತಾಗಿರಲಿಲ್ಲ.

ಮೊದಲು ಸೆಲ್ವಿಗೆ ಬರೆದೆ. ನಾನು ಬಿಟ್ಟಿಲ್ಲ, ಒಂದು ವಾರವೂ ಬಿಟ್ಟಿಲ್ಲ, ಅದು ನನ್ನ ಮಾತಲ್ಲ, ತಪ್ಪು ನನ್ನದು, ಇವತ್ತೇ ನಿನ್ನ ಡಾಕ್ಟರ ಹತ್ತಿರ ಹೋಗು. ಆಮೇಲೆ ಎಲ್ಲರೂ ಓದುವ ಜಾಗದಲ್ಲಿ ಬರೆಯಬೇಕಿತ್ತು. ಸೆಲ್ವಿಯಂತೆ ಇನ್ನೆಷ್ಟು ಜನ ಓದಿ ಬಿಟ್ಟಿದ್ದರೋ.

ಶಮೀಮಕ್ಕ ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಕೂತರು. ಅಂಕಲ್ ಮಾತನ್ನು ತುಂಡು ತುಂಡಾಗಿ ಮಾಡಿ, ಪ್ರತಿ ತುಂಡಿನ ಮೇಲೂ ಅವರ ಹೆಸರು, ಕೆಳಗೆ ನನ್ನ ಉತ್ತರ. ಒಂದು ಸಾಲನ್ನು ಆರಿಸಲು ಮೌಸನ್ನು ಒತ್ತಿ ಹಿಡಿದು ಎಳೆಯಬೇಕು. ನನ್ನ ತೋರುಬೆರಳು ಅಷ್ಟು ಹೊತ್ತು ಒತ್ತಿ ಹಿಡಿಯದು, ಅರ್ಧಕ್ಕೇ ಬಿಟ್ಟುಹೋಗುವುದು. "ನಾನು ಮಾಡ್ಲೇನು?" ಅಂದರು. ಬೇಡ ಅಂದೆ. ಬಲಗೈಯ ಬೆರಳ ಮೇಲೆ ಎಡಗೈಯ ಬೆರಳಿಟ್ಟು ಒತ್ತಿದೆ. ಆರು ಸಲ ಜಾರಿತು, ಏಳನೇ ಸಲ ಬಂತು. ಕಳಿಸುವ ಮೊದಲು ಹೇಗೆ ಕಾಣುತ್ತದೆಂದು ನೋಡುವ ಬಟನ್ನೂ ಇತ್ತು. ಈ ಸಲ ಆ ಐದು ನಿಮಿಷ ಕಾದೆ. ಚೌಕಗಳು ಬಂದವು.

ದತ್ತಾತ್ರೇಯ ಬರೆದದ್ದು: ಅದು ವಿಷ. ನಾನು: ಮೂರು ತಿಂಗಳಿಗೊಮ್ಮೆ ನನ್ನ ರಕ್ತ ಪರೀಕ್ಷೆಯಾಗುತ್ತದೆ. ವಿಷವಾಗಿದ್ದರೆ ಹೇಳಬೇಕಾದವರು ನನ್ನ ಡಾಕ್ಟರು, ನೀವಲ್ಲ.

ದತ್ತಾತ್ರೇಯ ಬರೆದದ್ದು: ಕೈ ಹಗುರವಾಗಿದೆ. ನಾನು: ನಿಮ್ಮ ಕೈ ಹಗುರವಾದದ್ದಕ್ಕೆ ಸಂತೋಷ. ನಿಮ್ಮ ಕೈ ನೋಡಿ ನನ್ನ ಕೈಗೆ ಔಷಧಿ ನಿಲ್ಲಿಸಲಾಗದು.

ದತ್ತಾತ್ರೇಯ ಬರೆದದ್ದು: ಇವತ್ತೇ ಎಸೆಯಿರಿ. ನಾನು: ಎಸೆಯುವುದಿಲ್ಲ. ಈ ಮಾತನ್ನು ನನ್ನದೆಂದು ತಿಳಿದು ಒಬ್ಬಳು ಮಾತ್ರೆ ಬಿಟ್ಟು ಕೈ ಕಳೆದುಕೊಳ್ಳುತ್ತಿದ್ದಾಳೆ. ಮಾತು ನಿಮ್ಮದು, ಹೆಸರು ಅಳಿಸಿದ ತಪ್ಪು ನನ್ನದು. ಬೇರೆ ಯಾರಾದರೂ ಬಿಟ್ಟಿದ್ದರೆ ದಯವಿಟ್ಟು ಈಗಲೇ ಡಾಕ್ಟರನ್ನು ಕಾಣಿ.

ಅಂಕಲ್ ಉತ್ತರ ಮಾರನೇ ದಿನವೇ ಬಂತು. "ಮಗಳೇ, ನಮ್ಮ ಮನೆಗಳಲ್ಲಿ ಹಿರಿಯರ ಮಾತನ್ನು ಹೀಗೆ ಹರಿದು ಹರಿದು ಉತ್ತರ ಕೊಡುವ ಹೆಣ್ಣುಮಕ್ಕಳಿರಲಿಲ್ಲ." ಕೆಳಗೆ ನಾಲ್ಕೈದು ಜನ ಅವರಿಗೆ ಹೌದು ಹೌದು ಅಂದಿದ್ದರು. ಪುಣೆಯವಳು ಮಾತ್ರ, "ಹರಿಯದಿದ್ದರೆ ಗೊತ್ತಾಗುವುದು ಹೇಗೆ?" ಎಂದಿದ್ದಳು.

ಅವರ ಆ ಸಾಲನ್ನೂ ಕೋಟ್ ಮಾಡಿದೆ. ಹೆಸರು ಹಾಕಿದೆ. ಕೆಳಗೆ ಬರೆದೆ: "ನಮ್ಮ ಮನೆಯಲ್ಲೂ ಇರಲಿಲ್ಲ. ಈಗ ಒಬ್ಬಳಿದ್ದಾಳೆ."

ಆ ಹೊತ್ತಿಗೆ ನನ್ನನ್ನು ಕರೆದೊಯ್ಯಲು ಬಂದ ಯಜಮಾನರು ಹಿಂದೆ ನಿಂತು ಓದುತ್ತಿದ್ದರು. "ಇಷ್ಟು ಖಾರ ಬರೀತೀಯಾ ನೀನು?" ಅಂದರು. ಆಶ್ಚರ್ಯವೋ ಆಕ್ಷೇಪವೋ ಗೊತ್ತಾಗಲಿಲ್ಲ. ಅವರಿಗೂ ಗೊತ್ತಿರಲಿಲ್ಲವೆಂದು ಕಾಣುತ್ತದೆ. ಶಮೀಮಕ್ಕ, "ಇನ್ನೂ ಉಪ್ಪು ಹಾಕಿಲ್ಲ ಸಾರ್, ತಡ್ಕಳ್ರಿ" ಅಂದರು.

ಸೆಲ್ವಿಯಿಂದ ಮಾತಿಲ್ಲ. ಒಂದು ವಾರ, ಎರಡು ವಾರ. ದಿನಾ ಹೋಗಿ ನೋಡುತ್ತಿದ್ದೆ. ಪುಟ ನಿಧಾನವಾಗಿ ಮೇಲಿನಿಂದ ಕೆಳಗೆ ತೆರೆಯುವವರೆಗೆ ಕಾಯುವುದು, ಏನೂ ಇಲ್ಲವೆಂದು ತಿಳಿದ ಮೇಲೆ ಎದ್ದು ಮನೆಗೆ ಹೋಗುವುದು. ಆ ಮಧ್ಯೆ ದಾವಣಗೆರೆಗೆ ಹೋಗುವ ದಿನ ಬಂತು. ಡಾಕ್ಟರು ಎಂದಿನಂತೆ ಬೆಳಗಿನ ಬಿಗಿ ಎಷ್ಟು ಹೊತ್ತೆಂದು ಕೇಳಿದರು, ಎಂದಿನಂತೆ ಪಕ್ಕದಿಂದ ಉತ್ತರ ಬಂತು. "ಪರವಾಗಿಲ್ಲ ಡಾಕ್ಟ್ರೇ. ತಡ್ಕಂತಾಳೆ."

"ಡಾಕ್ಟ್ರೇ," ಅಂದೆ, "ಪರವಾಗಿಲ್ಲ ಅಂದಿದ್ದು ತಿಪ್ಪೇಸ್ವಾಮಿಯವರು. ನಾನು ಹೇಳೋದು ಬೇರೆ ಇದೆ. ಮೊದಲು ಎರಡು ಗಂಟೆ ಇತ್ತು, ಈಗ ಮುಕ್ಕಾಲು ಗಂಟೆ. ಸೋಮವಾರ ಊಟ ಮಾಡೋಕಾಗಲ್ಲ. ತಡೆದುಕೊಳ್ಳೋದು ನನ್ನ ಗುಣ ಅಂತ ಬರೆದುಕೊಳ್ಳಬೇಡಿ, ಅದಕ್ಕೂ ಔಷಧಿ ಇದ್ದರೆ ಕೊಡಿ."

ಡಾಕ್ಟರು ಬರೆದುಕೊಂಡಿದ್ದನ್ನು ಹೊಡೆದುಹಾಕಿ ಹೊಸದಾಗಿ ಬರೆದರು. ವಾಕರಿಕೆಗೆ ಒಂದು ಪುಟ್ಟ ಮಾತ್ರೆ ಕೊಟ್ಟರು, ಅಷ್ಟು ದಿನ ಕೇಳದೇ ಇದ್ದದ್ದಕ್ಕೆ ಬೈದರು. ಬಸ್ಸಿನಲ್ಲಿ ಯಜಮಾನರು ಭೀಮಸಮುದ್ರದ ತಿರುವಿನವರೆಗೂ ಡಾಕ್ಟರ ಚೀಟಿಯನ್ನೇ ಓದುತ್ತಿದ್ದರು. ಆಮೇಲೆ, "ಎರಡು ಗಂಟೆನಾ?" ಅಂದರು. ಹೌದು ಅಂದೆ. "ಹೆಸರು ಹೇಳಿದ್ದು ನರ್ಸಮ್ಮಗೂ ಕೇಳಿಸ್ತು" ಅಂದರು. ಕೇಳಿಸಲಿ ಬಿಡಿ ಅಂದೆ. ಮಾರನೇ ಬೆಳಿಗ್ಗೆ ಹಾಲಿನ ಪ್ಯಾಕೆಟ್ಟನ್ನು ಕತ್ತರಿಸಿ ಪಾತ್ರೆಗೆ ಸುರಿದು ಇಟ್ಟಿದ್ದರು. ಅರ್ಧ ಹಾಲು ಕಟ್ಟೆಯ ಮೇಲಿತ್ತು. ಏನೂ ಅನ್ನದೆ ಒರೆಸಿದೆ.

ಫೋರಂ ನೋಡಿಕೊಳ್ಳುವವರು ನನಗೆ ಬೇರೆಯಾಗಿ ಪತ್ರ ಬರೆದರು. ಜಗಳ ಬೆಳೆಯುತ್ತಿದೆ, ಅಂಕಲ್ ನೊಂದಿದ್ದಾರೆ, ಆ ಇಡೀ ಚರ್ಚೆಯನ್ನು ಅಳಿಸಿಬಿಡೋಣವೇ, ನಿಮ್ಮ ತಪ್ಪೂ ಯಾರಿಗೂ ಕಾಣುವುದಿಲ್ಲ ಎಂದು. ಒಳ್ಳೆಯ ಮಾತಿನಲ್ಲೇ ಕೇಳಿದ್ದರು. ಆರು ತಿಂಗಳ ಹಿಂದಿನ ಸುಮಿತ್ರ ಆಗಿದ್ದರೆ ಕೈ ಮುಗಿದು ಹೂಂ ಅನ್ನುತ್ತಿದ್ದೆ. ಅಳಿಸಿದರೆ ನನ್ನ ಮರ್ಯಾದೆ ಉಳಿಯುತ್ತದೆ. ಆದರೆ ಆ ಮಾತನ್ನು ಆಗಲೇ ಓದಿ ಹೋದವರ ತಲೆಯೊಳಗಿಂದ ಅಳಿಸುವವರು ಯಾರು? ಅವರು ಮತ್ತೆ ಹುಡುಕಿಕೊಂಡು ಬಂದರೆ ತಿದ್ದುಪಡಿಯೂ ಸಿಗುವುದಿಲ್ಲ. ಅಳಿಸಬೇಡಿ ಎಂದು ಬರೆದೆ. ನನ್ನ ತಪ್ಪು ಹಾಗೇ ಇರಲಿ, ಅದರ ಪಕ್ಕದಲ್ಲಿ ಯಾರ ಮಾತು ಯಾರದ್ದೆಂದೂ ಇರಲಿ.

ಮೂರನೇ ವಾರ ಸೆಲ್ವಿ ಬಂದಳು. ನನಗೆ ಬೇರೆಯಾಗಿ ಬರೆಯಲಿಲ್ಲ, ಎಲ್ಲರ ಎದುರಿಗೇ ಬರೆದಳು. ನನ್ನ ಮೊದಲ ಆ ಹಾಳು ಉತ್ತರವನ್ನು ಪೂರ್ತಿ ಕೋಟ್ ಮಾಡಿದ್ದಳು, ನನ್ನ ಹೆಸರಿನೊಂದಿಗೆ. ಚೌಕದ ಕೆಳಗೆ ಅವಳ ಮಾತು:

"ಇದನ್ನು ಓದಿ ನಾನು ಮಾತ್ರೆ ಬಿಟ್ಟೆ. ಈಗ ಮತ್ತೆ ಶುರು ಮಾಡಿದ್ದೇನೆ. ನಾಲ್ಕು ಬೆರಳು ವಾಪಸು ಬರುತ್ತಿವೆ, ಉಂಗುರದ ಬೆರಳು ಬರಲಿಕ್ಕಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಸುಮಿತ್ರ ಅಕ್ಕನ ಮೇಲೆ ನನಗೆ ಎರಡು ವಾರ ಸಿಟ್ಟಿತ್ತು, ಅದಕ್ಕೇ ಬರೆಯಲಿಲ್ಲ. ಅಕ್ಕನ ಮೇಲೆ ಮಾತ್ರ ಅಲ್ಲ. ಡಾಕ್ಟರನ್ನು ಕೇಳದೆ ಬಿಟ್ಟವಳು ನಾನು. ಇದನ್ನು ಓದಿ ಬಿಟ್ಟವರು ಇನ್ನೂ ಇದ್ದರೆ ನನಗೆ ಬರೆಯಿರಿ, ನನ್ನ ಬೆರಳಿನ ಫೋಟೋ ಕಳಿಸುತ್ತೇನೆ."

ಇಬ್ಬರು ಬರೆದರಂತೆ. ಇಬ್ಬರೂ ಮತ್ತೆ ಶುರು ಮಾಡಿದರಂತೆ.

ನಾನು ಅವಳ ಆ ಮಾತನ್ನು ಕೋಟ್ ಮಾಡಲು ಹೋದೆ. ಬಟನ್ ಒತ್ತಿದೆ, ಅವಳ ಹೆಸರು ಬಂದು ಕೂತಿತು. ಕ್ಷಮಿಸು ಎಂದು ಬರೆದೆ, ಅಳಿಸಿದೆ. ಆ ಬೆರಳಿಗೆ ಅದು ಸಾಲದು. ಕೊನೆಗೆ ಬರೆದೆ: "ಇವತ್ತು ಭಾನುವಾರ. ನಾನು ನುಂಗಿದೆ. ನೀನು?"

ಸೆಲ್ವಿಯ ಉತ್ತರ ಬರಲು ಸಂಜೆಯಾಯಿತು. ನುಂಗಿದ್ದಳು.

ಈ ಕಾಯಿಲೆ ನನ್ನನ್ನು ಬಿಟ್ಟು ಹೋಗಿಲ್ಲ, ಹೋಗುವುದೂ ಇಲ್ಲ. ಎಡಗೈಯ ಎರಡು ಬೆರಳು ಸ್ವಲ್ಪ ವಾಲಿವೆ, ಅವನ್ನು ನಾನು ಸೆರಗಿನೊಳಗೆ ಇಡುವುದಿಲ್ಲ. ಬೆಂಚಿನ ಮೇಲೆ ಪಕ್ಕದಲ್ಲಿ ಕೂತವರು ನೋಡಲಿ, ಕೇಳಲಿ, ನಾನು ಹೇಳುತ್ತೇನೆ. ನೀವು ಈಗ ಡಬ್ಬಿ ಹಿಡಿದು ನಿಂತಿದ್ದರೆ, ನುಂಗಲೋ ಬಿಡಲೋ ಎಂದು ನಿಮಗೆ ಹೇಳಬೇಕಾದವಳು ನಾನಲ್ಲ, ನಿಮ್ಮ ಡಾಕ್ಟರು. ನಾನು ಹೇಳಬಲ್ಲದ್ದು ನನ್ನದಷ್ಟೇ. ನಾನು ಬಿಟ್ಟಿಲ್ಲ. ಸುಮಿತ್ರ ಬಿಟ್ಟಳಂತೆ ಎಂದು ಯಾರಾದರೂ ನಿಮಗೆ ಹೇಳಿದರೆ, ಹಾಗೆ ಹೇಳಿದವರು ಯಾರು ಎಂದು ಮೊದಲು ಅವರ ಹೆಸರು ಕೇಳಿ.